ಹೆಬ್ಬೆರಳಿಗೆ ಕಟ್ಟಿದ ಬಟ್ಟೆ

ಮೆಟ್ರಿಯ ಸಂಗಮ್ಮನ ಎದುರು ಯಾರಾದರೂ ಸುಮ್ಮನೆ ನಕ್ಕರೂ ಅದಕ್ಕೊಂದು ಕಾರಣ ಕೊಡಬೇಕಾಗಿತ್ತು. ಹಾಲು ಹಾಕುವವಳು ಒಂದು ಗುಟುಕು ಜಾಸ್ತಿ ಹಾಕಿದರೆ ನೀರು ಬೆರೆಸಿದ್ದಾಳೆ ಎನ್ನುತ್ತಿದ್ದಳು, ಕಡಿಮೆ ಹಾಕಿದರೆ ಕದ್ದಳು ಎನ್ನುತ್ತಿದ್ದಳು. ಕಂಪ್ಲಿ ಸಂತೆಯಲ್ಲಿ ತಕ್ಕಡಿಯ ಕೆಳಗೆ ಬಗ್ಗಿ ನೋಡದೆ ಬದನೆಕಾಯಿ ಕೊಂಡವಳಲ್ಲ. ಬಸ್ಸಿಗೆ ಬೋರ್ಡು ಇದ್ದರೂ, ಕಂಡಕ್ಟರ್ ಗಂಟಲು ಹರಿದುಕೊಂಡು ಊರ ಹೆಸರು ಕೂಗುತ್ತಿದ್ದರೂ, ಒಳಗೆ ಕೂತವರನ್ನು "ಇದು ಹೊಸಪೇಟಿಗೆ ಹೋಗೋದು ಖರೇನಾ?" ಎಂದು ಕೇಳಿಯೇ ಮೆಟ್ಟಿಲ ಮೇಲೆ ಕಾಲಿಡುತ್ತಿದ್ದಳು. ಗಂಡ ಹಾಲೇಶಪ್ಪ ಸಾಧು ಮನುಷ್ಯ. "ನಮ್ಮಾಕಿ ಮುಂದ ದೇವರು ಪ್ರತ್ಯಕ್ಷ ಆದ್ರೂ ಮೊದ್ಲು ಪಹಣಿ ತೋರ್ಸು ಅಂತಾಳ," ಎಂದು ಕಟ್ಟೆಯ ಮೇಲೆ ಕೂತು ಹೇಳಿ ನಗುತ್ತಿದ್ದ. ಆ ನಗುವಿನ ಮೇಲೂ ಅವಳಿಗೆ ಅನುಮಾನವೇ.

ಹುಟ್ಟುತ್ತಲೇ ಯಾರೂ ಹೀಗಿರುವುದಿಲ್ಲ. ಸಂಗಮ್ಮ ಹೀಗಾದದ್ದು ಅಪ್ಪನ ದಿನ ಮಾಡಿದ ದಿವಸ.

ಅಪ್ಪ ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಗ್ಯಾಂಗಿನ ಆಳಾಗಿದ್ದವನು. ಹೊಟ್ಟೆ ಬಟ್ಟೆ ಕಟ್ಟಿ, ಸಂಡೂರಿಗೆ ಹೋಗುವ ರಸ್ತೆಯ ಪಕ್ಕದ ತನ್ನ ಊರಿನಲ್ಲಿ ಕೆಂಪು ಮಣ್ಣಿನ ಒಂದು ಮಸಾರಿ ಹೊಲ ಕೊಂಡಿದ್ದ. ಮಳೆ ಬಂದರೆ ಸಜ್ಜೆ, ಬರದಿದ್ದರೆ ಜಾಲಿ. ಅಂಥ ಹೊಲ. ಅವನು ಸತ್ತು ದಿನ ಮಾಡುವಾಗ ಮನೆ ತುಂಬ ಜನ. ಸಂಗಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ಒರಗಿ ಅಳುತ್ತಿದ್ದಳು. ಯಾರೋ ಪಕ್ಕದಲ್ಲಿ ಬಂದು ಕೂತರು. ಅವಳ ಎಡಗೈ ಹಿಡಿದು, ಹೆಬ್ಬೆರಳನ್ನು ಮೆತ್ತಗಿನ ಯಾವುದಕ್ಕೋ ಒತ್ತಿ, ಆಮೇಲೆ ಗಟ್ಟಿಯಾದ ಯಾವುದಕ್ಕೋ ಒತ್ತಿದರು. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಪಕ್ಕದಲ್ಲಿ ಯಾರೂ ಇರಲಿಲ್ಲ. ಹೆಬ್ಬೆರಳು ನೀಲಿಯಾಗಿತ್ತು. ಕಾಗದ ಹಿಡಿದುಕೊಂಡು ತಮ್ಮ ತಿಪ್ಪೇಶ ಬಾಗಿಲಲ್ಲಿ ನಿಂತಿದ್ದ.

"ಖಾತೆ ಬದ್ಲಿ ಮಾಡ್ಸಾಕ ಅಕ್ಕಾ. ಏನಿಲ್ಲ," ಎಂದಿದ್ದ.

ಅಂದಿನಿಂದ ಸಂಗಮ್ಮನಿಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಭಯದ ಮಾತೆಂದರೆ 'ಏನಿಲ್ಲ'. ಹೊಲದ ಆಸೆಗಲ್ಲ. ಆ ಜಾಲಿಯ ಹೊಲ ಯಾರಿಗೆ ಬೇಕಾಗಿತ್ತು? ಆದರೆ ಅಪ್ಪನಿಗಾಗಿ ಅಳುತ್ತಿದ್ದಾಗ ಕೈ ಹಿಡಿದು ಒತ್ತಿಸಿಕೊಂಡರಲ್ಲ, ಅದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಹಿಡಿದ ಕೈ ತಮ್ಮನದೇ ಎಂಬುದರಲ್ಲಿ ಮಾತ್ರ ಅವಳಿಗೆ ಯಾವ ಅನುಮಾನವೂ ಇರಲಿಲ್ಲ.

ಮುಂದೆ ಕಾಲ ತಿರುಗಿತು. ಮಣ್ಣಿಗೆ ಬೆಲೆ ಬಂತು. ಸಂಡೂರಿನ ಗುಡ್ಡಗಳನ್ನು ಅಗೆದು ಲಾರಿಗೆ ತುಂಬಿ ಚೀನಾಕ್ಕೆ ಕಳಿಸುತ್ತಾರೆ ಎಂದಾಗ ಮೊದಲು ಜನ ನಕ್ಕರು, ಆಮೇಲೆ ಸಾಲ ಮಾಡಿ ಲಾರಿ ಕೊಂಡರು. ಹಗಲೂ ರಾತ್ರಿ ಲಾರಿ. ರಸ್ತೆ ಬದಿಯ ಬೇವಿನ ಮರಗಳು ಕೆಂಪಾದವು, ಮನೆಯ ಮಾಳಿಗೆ ಕೆಂಪಾಯಿತು, ಒಣಹಾಕಿದ ಹಪ್ಪಳ ಕೆಂಪಾಯಿತು. ಅದಿರು ಸುರಿದು ಗುಡ್ಡೆ ಹಾಕಲು ರಸ್ತೆಗೆ ಹತ್ತಿದ ಜಾಗ ಬೇಕು, ಅದಕ್ಕೆ ಯಾರ್ಡ್ ಎನ್ನುತ್ತಾರೆ. ಅಪ್ಪನ ಜಾಲಿ ಹೊಲ ರಸ್ತೆಗೆ ಹತ್ತಿಕೊಂಡೇ ಇತ್ತು.

ತಿಪ್ಪೇಶ ಪಂಚಮಿಗೆ ಅಕ್ಕನನ್ನು ಕರೆಯಲು ಬಂದದ್ದು ಆ ವರ್ಷ. ಅಲ್ಲಿಯವರೆಗೆ ಯಾರ ಕೈಯಲ್ಲೋ ಒಂದು ಸೀರೆ, ಒಂದು ಡಬ್ಬಿ ಶೇಂಗಾ ಉಂಡಿ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದವನು, ಈ ಸಲ ಹೊಸ ಕಾರಿನಲ್ಲಿ ತಾನೇ ಬಂದ. ಸೀರೆ ರೇಷ್ಮೆಯದು. ಸಂಗಮ್ಮ ಅಂಚನ್ನು ಉಗುರಿನಲ್ಲಿ ಕೆರೆದು ನೋಡಿದಳು. ಖರೆ ರೇಷ್ಮೆಯೇ. ಅನುಮಾನ ಇನ್ನಷ್ಟು ಬಲವಾಯಿತು.

"ಈ ಸಲ ತಪ್ಪಿಸಂಗಿಲ್ಲ ಅಕ್ಕಾ. ಹಬ್ಬದ ಮರುದಿನ ಸಂಡೂರಾಗ ಒಂದ್ ಸಣ್ಣ ಕೆಲಸೈತಿ, ಅದನ್ನೂ ಮುಗಿಸಿ ಬಿಡೂನು."

"ಏನ್ ಕೆಲಸ?"

"ಏನಿಲ್ಲ."

ಕಾರಿನಲ್ಲಿ ಬರಲು ಅವಳು ಒಪ್ಪಲಿಲ್ಲ. ನಾಟಿಯ ಕೆಲಸವಿದೆ, ಹಬ್ಬದ ಹಿಂದಿನ ದಿನ ಬಸ್ಸಿಗೆ ಬರುತ್ತೇನೆ ಎಂದು ಕಳಿಸಿದಳು. ಕಾರು ಹೋದ ಮೇಲೆ ಹಾಲೇಶಪ್ಪ ಮೆಲ್ಲಗೆ, "ಈಗ ಹೆಣ್ಣು ಮಕ್ಕಳಿಗೂ ಪಾಲು ಐತಂತ, ಹೊಸ ಕಾಯ್ದೆ ಬಂದೈತಂತ," ಎಂದ. "ನಿಮಗ್ಯಾಕ ಅದರ ಉಸಾಬರಿ?" ಎಂದು ಅವನನ್ನೂ ಒಂದು ಸಲ ದಿಟ್ಟಿಸಿ ನೋಡಿದಳು.

ಆದರೂ ಆ ಮಾತು ಕಿವಿಯಲ್ಲಿ ಉಳಿಯಿತು. ಊರಿಗೆ ಹೊರಟ ದಿನ ಹೊಸಪೇಟೆಯಲ್ಲಿ ಬಸ್ಸಿಳಿದವಳು ಸಂಡೂರಿನ ಬಸ್ಸು ಹತ್ತದೆ, ವಿಚಾರಿಸಿಕೊಂಡು ಪುರಂದರ ವಕೀಲರ ಮನೆಗೆ ಹೋದಳು. ವಯಸ್ಸಾದ ಮನುಷ್ಯ, ಹಣೆಯಲ್ಲಿ ಅಂಗಾರ ಅಕ್ಷತೆ, ಮೇಜಿನ ಮೇಲೆ ಕಾಗದದ ಕಟ್ಟು. ಸಂಗಮ್ಮ ಕುರ್ಚಿಯ ತುದಿಯಲ್ಲಿ ಕೂತಳು.

"ಹೊಲ ನಿಮ್ಮ ಅಜ್ಜ, ಮುತ್ತಜ್ಜನಿಂದ ಬಂದದ್ದೋ, ನಿಮ್ಮ ತಂದೆಯವರೇ ಕೊಂಡದ್ದೋ?" ವಕೀಲರು ಕೇಳಿದರು.

"ಅಪ್ಪನ ದುಡಿಮಿ ರೀ. ಡ್ಯಾಮಿನ ಪಗಾರದಾಗ ಕೊಂಡಿದ್ದು."

"ವಿಲ್ಲು, ಮರಣಶಾಸನ ಏನಾದ್ರೂ ಬರೆದಿಟ್ಟಿದ್ರಾ?"

"ಅವ ಸಹಿ ಮಾಡಾಕ ಕಲ್ತದ್ದ ಪಗಾರಕ್ಕಾಗಿ. ಶಾಸನ ಎಲ್ಲಿಂದ ಬರೀತಾನ್ರಿ?"

"ಹಂಗಾದ್ರ ಸರಳ ಐತಿ ನೋಡಮ್ಮ. ನಿಮ್ಮ ತಾಯಿ, ನಿಮ್ಮ ತಮ್ಮ, ನೀವು. ಮೂವರಿಗೂ ಸಮ ಪಾಲು. ಮದುವಿ ಆಗೇತೋ ಇಲ್ಲೋ ಅಂತ ಕಾಯ್ದೆ ಕೇಳಂಗಿಲ್ಲ. ಹೊಸ ಕಾಯ್ದೆ ಅಂತ ಎಲ್ಲಾರೂ ಕುಣೀತಾರಲ್ಲ, ಅದು ಹಿರೇರ ಆಸ್ತಿಗೆ. ನಿಮ್ಮ ತಂದೆ ಸ್ವಂತ ಗಳಿಸಿದ್ದರಾಗ ಅವರು ತೀರಿದ ದಿನದಿಂದಲೇ ನಿಮ್ಮ ಪಾಲು ಇತ್ತು."

"ಪಹಣ್ಯಾಗ ತಮ್ಮನ ಹೆಸರು ಒಂದ ಐತಿ ರೀ."

"ಪಹಣಿ ಕಂದಾಯ ಕಟ್ಟಿಸಿಕೊಳ್ಳಾಕ. ಅದರಾಗ ಹೆಸರು ಇಲ್ಲಂದ್ರ ಹಕ್ಕು ಹೋಗಂಗಿಲ್ಲ."

"ಅವತ್ತು ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ?"

"ಮನ್ಯಾಗ ಕುಂತು ಒತ್ತಿದ್ದು ನಡೆಯಂಗಿಲ್ಲ. ಹಕ್ಕು ಬಿಟ್ಟುಕೊಡಬೇಕಂದ್ರ ಸಬ್ ರಿಜಿಸ್ಟ್ರಾರ್ ಮುಂದ ನೀವ ಹೋಗಬೇಕು, ಫೋಟೋ ತೆಗಿಸ್ಕೋಬೇಕು, ಹೆಬ್ಬೆಟ್ಟು ಕೊಡಬೇಕು. ಅಲ್ಲಿ ಕೊಟ್ರೆ ಮಾತ್ರ ಮುಗೀತು ಅನ್ನಿ. ಇನ್ನ ನಿಮ್ಮ ತಾಯಿ ಪಾಲು. ಅದನ್ನ ಅವರು ಮಗನಿಗೆ ಕೊಡಬಹುದು, ಮಗಳಿಗೆ ಕೊಡಬಹುದು, ಅವರಿಷ್ಟ. ಅವರನ್ನ ಕೇಳಿ ನೋಡ್ರಿ."

ಸಂಗಮ್ಮ ಸೊಂಟದ ಚೀಲಕ್ಕೆ ಕೈ ಹಾಕಿದಾಗ ವಕೀಲರು, "ಬ್ಯಾಡ ಬಿಡಮ್ಮ, ಹಬ್ಬಕ್ಕ ಹೊಂಟೀರಿ," ಎಂದುಬಿಟ್ಟರು. ಅಲ್ಲಿಯವರೆಗೆ ಅವರ ಮಾತು ಅರ್ಧ ನಂಬಿದ್ದವಳು ಪೂರ್ತಿ ಕೈಬಿಟ್ಟಳು. ಫೀಸು ಬೇಡವೆನ್ನುವ ವಕೀಲರುಂಟೆ? ತಿಪ್ಪೇಶ ಮೊದಲೇ ಬಂದು ಹೋಗಿದ್ದಾನೋ ಏನೋ. ಮನೆಯಲ್ಲಿ ಒತ್ತಿದ್ದು ನಡೆಯುವುದಿಲ್ಲ ಎಂದು ಇವರ ಮಾತು ಕೇಳಿ ನಿಶ್ಚಿಂತೆಯಿಂದ ಮಲಗಿದರೆ, ನಿದ್ದೆಯಲ್ಲಿ ಕೈ ಹಿಡಿದು ಒತ್ತಿಸಿಕೊಂಡರೆ?

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಚೀಲದಿಂದ ಹಳೆಯ ಸೀರೆಯ ತುಂಡು ತೆಗೆದು ಹರಿದು, ಹಬ್ಬಕ್ಕೆಂದು ಕೊಂಡಿದ್ದ ಅರಿಶಿನದ ಪುಡಿ ಉದುರಿಸಿ, ಎಡಗೈ ಹೆಬ್ಬೆರಳಿಗೆ ದಪ್ಪಗೆ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪಕ್ಕದಲ್ಲಿ ಕೂತ ಹೆಂಗಸು "ಏನಾತವ್ವ?" ಎಂದಾಗ, "ಕುಡುಗೋಲು ಹತ್ತಿತು," ಎಂದು ಅಭ್ಯಾಸ ಮಾಡಿಕೊಂಡಳು.

ತವರುಮನೆಯಲ್ಲಿ ಉಪಚಾರವೋ ಉಪಚಾರ. ತಿಪ್ಪೇಶನ ಹೆಂಡತಿ ಶೈಲಜಾ ಕಾಲಿಗೆ ನೀರು ಕೊಟ್ಟಳು, ಚಾಪೆಯ ಬದಲು ಸೋಫಾ ತೋರಿಸಿದಳು, "ಅಯ್ಯ ಅಕ್ಕಾರ, ಬೆರಳಿಗೆ ಏನಾತ್ರಿ! ಡಾಕ್ಟ್ರಿಗೆ ತೋರಿಸೂನು ಬರ್ರಿ," ಎಂದಳು. ಡಾಕ್ಟರ ಹತ್ತಿರ ಹೋದರೆ ಮೊದಲು ಬಟ್ಟೆ ಬಿಚ್ಚುತ್ತಾರೆ. ಸಂಗಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಅದು ತಾನ ಮಾಯತೈತಿ," ಎಂದಳು.

ಅವ್ವ ಹಂಪಮ್ಮ ಮಾತ್ರ ಹತ್ತಿರ ಬಂದು ಬೆರಳನ್ನೇ ನೋಡುತ್ತ ನಿಂತಳು. ಬೆನ್ನು ಬಾಗಿತ್ತು, ಕಣ್ಣುಗಳು ಚೂಪಾಗಿಯೇ ಇದ್ದವು.

"ಹೆಂಗಾತು?"

"ಕುಡುಗೋಲು ಹತ್ತಿತು."

"ನಾಟಿ ದಿನದಾಗ ಕುಡುಗೋಲು ಎದಕ ಹಿಡಿದಿದ್ದಿ?" ಎಂದಳು ಅವ್ವ. ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಅಡುಗೆಮನೆಯಲ್ಲಿ ಆಗಲೇ ಈಳಿಗೆ, ಚಾಕು, ಕುಡುಗೋಲು ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಡಿಸುತ್ತಿದ್ದಳು ಹಂಪಮ್ಮ. ನಾಗಪ್ಪನ ಹಬ್ಬದಲ್ಲಿ ಏನನ್ನೂ ಕೊಯ್ಯಬಾರದು, ಅಗೆಯಬಾರದು, ಹಂಚು ಒಲೆಗೇರಬಾರದು. ಹೆಚ್ಚಿನ ಮನೆಗಳಲ್ಲಿ ಹಬ್ಬದ ದಿನ ಮುಗಿದರೆ ಮುಗಿಯಿತು. ಇವಳ ಮನೆಯಲ್ಲಿ ಮರುದಿನ ದೀಪ ಹಚ್ಚುವವರೆಗೂ ಈಳಿಗೆ ಕೆಳಗಿಳಿಯುವಂತಿಲ್ಲ. ಶೈಲಜಾ ಒಂದು ಸಲ ಮರೆತು ಹಬ್ಬದ ಮರುದಿನ ಬೆಳಿಗ್ಗೆ ಈರುಳ್ಳಿ ಹೆಚ್ಚಿದ್ದಕ್ಕೆ ಅತ್ತೆ ಇಡೀ ದಿನ ಉಪವಾಸ ಕೂತಿದ್ದಳಂತೆ.

ಪಂಚಮಿ ದಿನ ಹುತ್ತಕ್ಕೆ ಹಾಲೆರೆದರು. ಶೈಲಜಾ ಒಬ್ಬೊಬ್ಬರ ಹೆಸರು ಹೇಳಿ ಹಾಲು ಬಿಟ್ಟಳು. ಮಾವನ ಪಾಲು, ಅತ್ತೆಯ ಪಾಲು, ಗಂಡನ ಪಾಲು, ಅಕ್ಕಾರ ಪಾಲು. ಹಾಲಿನಲ್ಲಿ ಪಾಲು ಹೇಳಲು ಇವರಿಗೇನು ಖರ್ಚು ಎಂದುಕೊಂಡಳು ಸಂಗಮ್ಮ. ಮಧ್ಯಾಹ್ನ ಓಣಿಯ ಹೆಂಗಸರು ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಬೇಡ ಬೇಡವೆನ್ನುತ್ತ ಹತ್ತಿದಳು. ಜೋಕಾಲಿ ಮೇಲೇರಿದಾಗ ಹುಡುಗಿಯಾಗಿದ್ದ ದಿನಗಳು ನೆನಪಾಗಿ, ನಿಜವಾಗಿಯೂ ಖುಷಿಯಾಗಿ ಜೋರಾಗಿ ನಕ್ಕಳು. ಇಳಿಯುವಾಗ ನೋಡಿದರೆ ಗಾಯದ ಹೆಬ್ಬೆರಳನ್ನೂ ಸೇರಿಸಿ ಎರಡೂ ಕೈಯಲ್ಲಿ ಹಗ್ಗವನ್ನು ಬಿಗಿಯಾಗಿ ಹಿಡಿದಿದ್ದಾಳೆ. ಕಟ್ಟೆಯ ಮೇಲೆ ಅವ್ವ ಕೂತಿದ್ದಾಳೆ. ಅವ್ವನ ಕಣ್ಣು ಬೆರಳ ಮೇಲಿದೆ.

ಸಂಜೆ ಹಿತ್ತಲಿಗೆ ಹೋದವಳಿಗೆ ಒಳಗಿನಿಂದ ತಿಪ್ಪೇಶನ ದನಿ ಕೇಳಿತು. "ಅವ್ವಾ, ನೀ ಒಂದ್ ಮಾತು ಹೇಳಿದ್ರ ಅಕ್ಕ ಒತ್ತತಾಳ. ನಾಳಿ ನೀನೂ ಕಾರಿನ್ಯಾಗ ಬಾ." ಅವ್ವ ಏನೂ ಅನ್ನಲಿಲ್ಲ. ಸಂಗಮ್ಮ ಗೋಡೆಗೆ ಒರಗಿ ಕಾದಳು. ಬೇಡ ಎನ್ನುತ್ತಾಳೆ, ಮಗಳಿಗೂ ಇರಲಿ ಎನ್ನುತ್ತಾಳೆ ಎಂದು ಕಾದಳು. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರಲ್ಲ, ಅಷ್ಟೇ. ಹೆತ್ತವಳೂ ಅವರ ಕಡೆಗೇ. ಆ ರಾತ್ರಿ ಅವಳು ಎಡಗೈಯನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡು ಬೋರಲು ಮಲಗಿದಳು.

ಬೆಳಿಗ್ಗೆ ಕಾರು ಬಾಗಿಲಿಗೆ ಬಂತು. ಶೈಲಜಾ ಮೊರದಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಎಲೆ ಅಡಿಕೆ ಇಟ್ಟುಕೊಂಡು, "ಉಡಿ ತುಂಬತೀನಿ ಬರ್ರಿ ಅಕ್ಕಾರ," ಎಂದಳು. ಹೊರಡುವಾಗ ಮನೆಮಗಳಿಗೆ ಉಡಿ ತುಂಬುವುದು ಪದ್ಧತಿಯೇ. ಆದರೆ ಈಗಲೇ ಉಡಿ ತುಂಬಿದರೆ ಸಂಡೂರಿನಿಂದ ಹಾಗೇ ಮೆಟ್ರಿಗೆ ಸಾಗಹಾಕುತ್ತಾರೆ ಎಂದೇ ಅರ್ಥ. ಕೆಲಸ ಮುಗಿದ ಮೇಲೆ ಈ ಹೊಸಿಲಿಗೆ ಇವಳಿಂದ ಏನು ಉಪಯೋಗ? ಸಂಗಮ್ಮನ ಸಿಟ್ಟು ನೆತ್ತಿಗೇರಿತು.

"ಉಡಿ ಆಮ್ಯಾಲ. ಸಂಡೂರಾಗ ಏನ್ ಕೆಲಸ, ಮೊದ್ಲು ಅದನ್ನ ಹೇಳಲೇ ತಿಪ್ಪೇಶಿ."

ತಿಪ್ಪೇಶ ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡವನಂತೆ ನಿಂತ. ಆಮೇಲೆ ಹೇಳಿದ. "ಹೊಲ ಯಾರ್ಡಿಗೆ ಕೊಡ್ತೀನಿ ಅಕ್ಕಾ. ಅವರ ವಕೀಲ ನಿಂದೂ ಅವ್ವಂದೂ ಹಕ್ಕು ಬಿಡುಗಡೆ ಬೇಕಂತಾನ. ಹೊಲ ಉಳಿಸ್ಕೊಂಡು ಕಂದಾಯ ಕಟ್ಟಿದಾವ ನಾನು, ಅವ್ವನ್ನ ನೋಡ್ಕೊಂಡಾವ ನಾನು. ಲಾರಿ ಕಂತು ಬ್ಯಾರೆ ಕುತ್ತಿಗಿಗೆ ಬಂದೈತಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗ ಅಂತ ಹಿರೇರು ಸುಮ್ನ ಹೇಳಿಲ್ಲ. ನಿನಗ ಬಂಗಾರದ ಬಳಿ ಮಾಡಿಸ್ತೀನಿ."

"ಕುಲಕ್ಕ ಹೊರಗ ಆದಾಕಿ ಹೆಬ್ಬೆಟ್ಟು ನಿನಗೆದಕ ಬೇಕು? ನನ್ನ ಬೆರಳು ಕೊಯ್ದೈತಿ. ಆಗಂಗಿಲ್ಲ."

"ನೋಡೂನು ಎಷ್ಟು ಕೊಯ್ದೈತಿ," ಎಂದು ತಿಪ್ಪೇಶ ಅವಳ ಕೈಗೆ ಕೈ ಹಾಕಿದ. ಸಂಗಮ್ಮ ಹಿಂದೆ ಸರಿದು ಕಂಬಕ್ಕೆ ಆತುಕೊಂಡಳು.

ಆಗ ಅಡುಗೆಮನೆಯ ಬಾಗಿಲಲ್ಲಿ ಹಂಪಮ್ಮ ಬಂದು ನಿಂತಳು. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಹೆಬ್ಬೆರಳಿಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು.

"ನಂದೂ ಕೊಯ್ದೈತಿ," ಎಂದಳು.

ತಿಪ್ಪೇಶ ಅಕ್ಕನ ಬೆರಳು ನೋಡಿದ, ಅವ್ವನ ಬೆರಳು ನೋಡಿದ. ಅವನಿಗೆ ನಗು, ಸಿಟ್ಟು ಎರಡೂ ಬಂದವು. "ಇಬ್ಬರೂ ಕೂಡಿ ಆಟ ಕಟ್ಟೀರೇನು? ಎಡಗೈ ಇಲ್ಲಂದ್ರ ಬಲಗೈದು ತಗೋತಾರ. ನಡೀರಿ."

"ಬಲಗೈದು ಬೇಕಂದ್ರ ಈಳಿಗಿ ಇನ್ನೂ ಕೆಳಗ ಐತಿ ತಿಪ್ಪೇಶಿ," ಎಂದಳು ಹಂಪಮ್ಮ. ದನಿ ಏರಿಸಲಿಲ್ಲ. "ಮೂರು ಹೆಸರು ಬರ್ಸು. ನಂದು, ನಿಂದು, ಆಕೀದು. ಆಮ್ಯಾಲ ಹೊಲ ಯಾರಿಗೆ ಕೊಡ್ತಿ ಕೊಡು, ಬ್ಯಾಡ ಅನ್ನಂಗಿಲ್ಲ."

ಸಂಗಮ್ಮನ ಎದೆ ತುಂಬಿ ಬಂತು. ಬಂದಷ್ಟೇ ಬೇಗ ಇಳಿದೂ ಹೋಯಿತು. ಅನುಮಾನದ ಬುದ್ಧಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಈಳಿಗೆ ಕೆಳಗೆ ಹೇಗೆ ಬಂತು? ದೀಪ ಹಚ್ಚುವವರೆಗೂ ಅದು ಅಟ್ಟದ ಮೇಲಿರಬೇಕು. ಈರುಳ್ಳಿಗಾಗಿ ಉಪವಾಸ ಕೂತವಳು, ನಾಗಪ್ಪನ ಹಬ್ಬ ಕಳೆಯುವ ಮೊದಲೇ ಈಳಿಗೆ ಮುಟ್ಟುತ್ತಾಳೆಯೇ? ಹಾಗಾದರೆ ಅವ್ವನದೂ ತನ್ನ ಹಾಗೇ ಕಟ್ಟಿದ ಬಟ್ಟೆ. ಸುಳ್ಳು ಗಾಯ. ಸುಳ್ಳು ಗಾಯವೆಂದ ಮೇಲೆ ಅದು ಯಾರಿಗಾಗಿ? ಮಗಳು ಕರಗಿ ಕಾರು ಹತ್ತಲೆಂದು ಮಗನೇ ಕಟ್ಟಿಸಿದ್ದಿರಬಹುದು. ಸಂಡೂರಿನಲ್ಲಿ ಇಳಿದ ಮೇಲೆ ಅವ್ವ ಬಟ್ಟೆ ಬಿಚ್ಚಿ ಒತ್ತಿ, 'ನೀನೂ ಒತ್ತು ಮಗಳ' ಎಂದರೆ?

ಅವಳು ಮುಂದೆ ಹೋದಳು. ಅವ್ವನ ಕೈ ಹಿಡಿದು ಗಂಟು ಬಿಚ್ಚತೊಡಗಿದಳು. ಹಂಪಮ್ಮ ತಡೆಯಲಿಲ್ಲ. ಮೇಲಿನ ಸುತ್ತು ಹಳದಿ ಇತ್ತು. ಎರಡನೆಯದು ಒದ್ದೆ ಇತ್ತು. ಒಳಗಿನದು ಬೆರಳಿಗೆ ಅಂಟಿಕೊಂಡಿತ್ತು. ಎಳೆದಾಗ ಹಂಪಮ್ಮ ಹಲ್ಲು ಕಚ್ಚಿದಳು, ರಕ್ತ ಹರಿದು ಮಗಳ ಅಂಗೈಗೆ ಇಳಿಯಿತು. ಹೆಬ್ಬೆರಳಿನ ಮೆತ್ತೆ ಅಡ್ಡಡ್ಡ ಸೀಳಿ ಬಾಯಿ ತೆರೆದಿತ್ತು.

"ಅವ್ವಾ!"

"ನಿನ್ನಂಗ ಬಟ್ಟಿ ಒಂದ ಕಟ್ಕೊಳ್ಳೂನು ಅಂತ ನೋಡಿದೆ," ಎಂದಳು ಹಂಪಮ್ಮ. "ಹೊತ್ತು ಹುಟ್ಟೂ ಮುಂಚೆ ಎದ್ದು ಕಟ್ಟಿಕೊಂಡೆ. ಮಗನ ಮುಖ ನೋಡಿ ಸುಳ್ಳು ಹೇಳಾಕ ಬಾಯಿ ಬರಲಿಲ್ಲ. ಅದಕ್ಕ ಈಳಿಗಿ ಇಳಿಸಿದೆ. ನಾಗಪ್ಪಗ ತಪ್ಪಾತು ಅಂತ ಕೈ ಮುಗಿದೀನಿ."

"'ನಾ ಒತ್ತಂಗಿಲ್ಲ' ಅಂತ ನೀ ಅಂದಿದ್ರ ಸಾಕಿತ್ತಲ್ಲವ್ವ. ಈ ಬೆರಳು ಯಾಕ ಕೊಯ್ಕೊಂಡಿ?"

ಹಂಪಮ್ಮ ಮಗನ ಕಡೆ ನೋಡಲಿಲ್ಲ, ಮಗಳನ್ನೇ ನೋಡಿದಳು. "ನಿಮ್ಮಪ್ಪನ ದಿನದಾಗ ನಿನ್ನ ಪಕ್ಕ ಕುಂತು ಕೈ ಹಿಡಿದು ಒತ್ತಿಸಿದ್ದು ಇದ ಕೈ, ಸಂಗವ್ವ. ತಿಪ್ಪೇಶಿ ಅಲ್ಲ. ಹುಡುಗನ ಬಾಳು ನೆಟ್ಟಗಾಗಲಿ ಅಂತ ಒತ್ತಿಸಿದ್ದೆ. ನೀ ಅಳಾಕತ್ತಿದ್ದಿ, ಗೊತ್ತಾಗಂಗಿಲ್ಲ ಅಂದ್ಕೊಂಡಿದ್ದೆ."

ಇಷ್ಟು ವರ್ಷ ಹಾಲಿನವಳನ್ನು, ಕಂಡಕ್ಟರನನ್ನು, ವಕೀಲರನ್ನು, ಗಂಡನನ್ನು, ತಮ್ಮನನ್ನು ಅನುಮಾನಿಸಿದ ಸಂಗಮ್ಮ ಆ ಕೈಯನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ. ಈಗ ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯಲಿಲ್ಲ. ರಕ್ತ ನಿಲ್ಲುತ್ತಿರಲಿಲ್ಲ. ಸುತ್ತ ನೋಡಿದಳು, ಕೈಗೆ ಬಟ್ಟೆ ಸಿಗಲಿಲ್ಲ. ತನ್ನ ಹೆಬ್ಬೆರಳಿನ ಗಂಟನ್ನು ಹಲ್ಲಿನಲ್ಲಿ ಬಿಚ್ಚಿ, ಆ ಒಣ ಬಟ್ಟೆಯನ್ನೇ ಅವ್ವನ ಗಾಯಕ್ಕೆ ಬಿಗಿಯಾಗಿ ಸುತ್ತಿದಳು. ಅವಳ ಹೆಬ್ಬೆರಳು ಎಲ್ಲರಿಗೂ ಕಂಡಿತು. ಅರಿಶಿನದ ಬಣ್ಣ ಬಿಟ್ಟರೆ ಅದರ ಮೇಲೆ ಒಂದು ಗೀರೂ ಇರಲಿಲ್ಲ.

ತಿಪ್ಪೇಶ ಅದನ್ನು ನೋಡಿದ. ಶೈಲಜಾಳ ಕೈಯಲ್ಲಿ ಮೊರ ಹಾಗೇ ಇತ್ತು. ಅವನು ಕಿಸೆಯಿಂದ ಮೊಬೈಲು ತೆಗೆದು ಅಂಗಳಕ್ಕೆ ಹೋದ. "ಇವತ್ತು ಬ್ಯಾಡ ರೀ," ಎನ್ನುವುದು ಕೇಳಿಸಿತು. "ಪತ್ರ ಬ್ಯಾರೆ ಬರೀಬೇಕು. ಮೂರು ಹೆಸರು. ಹೌದು, ಮೂರು." ಆ ಕಡೆ ನಿಜಕ್ಕೂ ಯಾರಾದರೂ ಇದ್ದರೋ ಇಲ್ಲವೋ ಎಂದು ಸಂಗಮ್ಮ ಕಿವಿಗೊಟ್ಟು ಕೇಳಿದಳು. ಯಾರೋ ಗದರುವುದು ಸಣ್ಣಗೆ ಕೇಳಿಸಿತು.

"ಕಾರು ಹತ್ತವ್ವ. ಹೊಲಿಗಿ ಹಾಕ್ಸಬೇಕು," ಎಂದ ತಿಪ್ಪೇಶ, ಒಳಗೆ ಬಂದು. ಅವ್ವನ ಮುಖ ನೋಡಲು ಅವನಿಗೂ ಆಗುತ್ತಿರಲಿಲ್ಲ.

ಸಂಗಮ್ಮ ಅವ್ವನ ಪಕ್ಕ ಹಿಂದಿನ ಸೀಟಿನಲ್ಲಿ ಕೂತಳು. ಅದಿರಿನ ಲಾರಿಗಳ ಧೂಳಿನಲ್ಲಿ ಕಾರು ನಿಧಾನಕ್ಕೆ ಸಾಗಿತು. ಹಂಪಮ್ಮ ಗಾಯದ ಕೈಯನ್ನು ಎತ್ತಿ ಹಿಡಿದುಕೊಂಡು, ಬಲಗೈಯಲ್ಲಿ ಮಗಳ ಎಡಗೈ ಹೆಬ್ಬೆರಳನ್ನು ಹಿಡಿದಿದ್ದಳು. ಸಂಗಮ್ಮ ಬಿಡಿಸಿಕೊಳ್ಳಲಿಲ್ಲ. ಸಂಡೂರು ಹತ್ತಿರವಾದಂತೆ ಕಿಟಕಿಗೆ ಮುಖ ತಂದು, ಕಾರು ರಿಜಿಸ್ಟ್ರಾರ್ ಕಚೇರಿಯ ಕಡೆ ಹೊರಳುತ್ತದೋ ಆಸ್ಪತ್ರೆಯ ಕಡೆಗೋ ಎಂದು ಕಣ್ಣು ಮಿಟುಕಿಸದೆ ನೋಡತೊಡಗಿದಳು. ಕಾರು ಆಸ್ಪತ್ರೆಯ ಕಡೆಗೇ ಹೊರಳಿತು. ಆಗ ಅವಳು ಅವ್ವನ ಹೆಗಲಿಗೆ ತಲೆಯಿಟ್ಟು, ಅಪ್ಪನ ದಿನದಂದು ಅರ್ಧಕ್ಕೆ ನಿಂತಿದ್ದ ಅಳುವನ್ನು ಅತ್ತಳು.